ಎರಡು ಎಡತೋಳಿನ ಕೋಟು

ಅವಳಿಗೆ ಹೆಸರಿಟ್ಟಿದ್ದು ಹೆತ್ತವರಲ್ಲ, ಲೆಕ್ಕದ ಟೀಚರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಇಲ್ಲವೆಂದಲ್ಲ. ಆದರೆ ಅದು ಶಾಲೆಯ ಹಾಜರಿ ಪುಸ್ತಕದಿಂದ ಆಚೆ ಕಾಲಿಟ್ಟಿದ್ದೇ ಕಡಿಮೆ. ಒಂದು ದಿನ ಬೋರ್ಡಿನ ಮೇಲೆ ಭಾಗಾಕಾರ ನಡೆಯುತ್ತಿದ್ದಾಗ ಟೀಚರು ಅವಳ ಬೆಂಚಿನ ಪಕ್ಕ ಬಂದು ನಿಂತು, "ಎಲ್ಲಿದ್ದೀಯೇ ನೀನು?" ಎಂದು ಕೇಳಿದರು. ಬೇರೆ ಮಕ್ಕಳಾಗಿದ್ದರೆ ಬೆಬ್ಬೆಬ್ಬೆ ಅನ್ನುತ್ತಿದ್ದವು. ಇವಳು ಸ್ವಲ್ಪ ಯೋಚಿಸಿ, ಸುಳ್ಳು ಯಾಕೆ ಹೇಳಬೇಕು ಎಂದುಕೊಂಡು, "ಎಲ್ಲೋ ಇದ್ದೆ ಟೀಚರ್. ಈಗ ಬಂದೆ," ಎಂದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಅವಳು ಎಲ್ಲೋ. ಶಾಲೆಯಲ್ಲಿ ಎಲ್ಲೋ, ಬೀದಿಯಲ್ಲಿ ಎಲ್ಲೋ, ಆಮೇಲೆ ಮನೆಯಲ್ಲೂ ಎಲ್ಲೋ. ಹೆಸರು ಅಂಟಿತೆಂದು ಅವಳೇನೂ ಅಳಲಿಲ್ಲ. ಹೋಗಿದ್ದು ನಿಜ, ಬಂದಿದ್ದೂ ನಿಜ, ಅದರಲ್ಲಿ ಅಳುವಂಥದ್ದೇನಿದೆ?

ಹಾಗೆಂದು ಈ ಹೆಸರು ಪುಕ್ಕಟೆಯಾಗಿ ಉಳಿಯಲಿಲ್ಲ. ಅವಳು ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡ ಹಾಲು ಯಾವತ್ತೂ ಪಾತ್ರೆಯೊಳಗೆ ನಿಲ್ಲಲಿಲ್ಲ. ಕಣ್ಣೆದುರಿಗೇ ಬಂದು ನಿಂತ ಬಸ್ಸು ಕಣ್ಣೆದುರಿಗೇ ಹೊರಟುಹೋಗುತ್ತಿತ್ತು. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಮೆಟ್ಟಿಕೊಂಡು ಪೇಟೆಯೆಲ್ಲ ಸುತ್ತಿ ಬಂದದ್ದೂ ಉಂಟು. "ಇವಳನ್ನ ಕಾವಲಿಗೆ ಕೂರಿಸಿದರೆ ಕಳ್ಳನೇ ಭುಜ ಅಲ್ಲಾಡಿಸಿ ಹೇಳಿ ಹೋಗಬೇಕು," ಎಂದು ಅಕ್ಕ ಬಂದವರೆದುರಿಗೆಲ್ಲ ಹೇಳುತ್ತಿದ್ದಳು.

ಅಕ್ಕ ಇವಳಿಗಿಂತ ಬಹಳ ದೊಡ್ಡವಳು. ಅಮ್ಮ ಬೇಗ ಹೋದಳು. ಅಕ್ಕ ಓದು ಬಿಟ್ಟು, ಒಂದು ಕೈಯಲ್ಲಿ ಒಲೆ, ಒಂದು ಕೈಯಲ್ಲಿ ಅಪ್ಪನ ಅಂಗಡಿ ಹಿಡಿದಳು. ಮೂಗಿನ ತುದಿಯಲ್ಲಿ ಕೋಪ, ಮೈಯೆಲ್ಲ ಕಣ್ಣು. ಮನೆಯಲ್ಲಿ ಒಬ್ಬರಾದರೂ ಎಚ್ಚರವಾಗಿರಬೇಕಲ್ಲ ಎನ್ನುವುದು ಅವಳ ವಾದ, ಮತ್ತು ಆ ಒಬ್ಬರು ಯಾವಾಗಲೂ ಅವಳೇ ಆಗಿದ್ದರು.

ಅಪ್ಪನದು ಹೊಲಿಗೆ ಅಂಗಡಿ. ಬಸ್ ನಿಲ್ದಾಣದ ಎದುರಿಗೆ, ಔಷಧಿ ಅಂಗಡಿಗೂ ಗಡಿಯಾರ ರಿಪೇರಿಯ ಗೂಡಿಗೂ ನಡುವೆ. ಹಿಂದೆ ಎರಡು ಕೋಣೆಯ ಮನೆ, ಮುಂದೆ ಉದ್ದನೆಯ ಒಂದೇ ಕೋಣೆಯ ಅಂಗಡಿ. ಗೋಡೆಗೆ ಆಳೆತ್ತರದ ಕನ್ನಡಿ, ಅಳತೆ ಕೊಟ್ಟು ಬಟ್ಟೆ ಹಾಕಿ ನೋಡುವವರಿಗೆ ಮೂಲೆಯಲ್ಲೊಂದು ಪರದೆ, ಎರಡು ಕಾಲ್ತುಳಿತದ ಮಿಷನ್ನು. ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿ, ಅದರ ಕೆಳಗೆ ಬಟ್ಟೆ ಕತ್ತರಿಸುವ ಮೇಜು. ಆ ಮೇಜಿನ ಮೇಲೆ ಅಪ್ಪನ ಕತ್ತರಿ. ಮಗುವಿನ ತೂಕದ್ದು ಎನ್ನಿಸುವಂಥ ಕತ್ತರಿ; ಹಿಡಿಯ ಕಪ್ಪು ಬಣ್ಣ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಕತ್ತರಿ ಯಾರ ಕೈಯಲ್ಲೋ ಮಾತು ಅವರದು. ಅಪ್ಪ ಕತ್ತರಿ ಎತ್ತಿದರೆಂದರೆ "ಮಿಷನ್ ನಿಲ್ಸಿ" ಎನ್ನುತ್ತಿದ್ದರು, ಮಿಷನ್ನು ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿತ್ತು, ಗಿರಾಕಿ ಕೂಡ ಕೆಮ್ಮು ನುಂಗಿಕೊಳ್ಳುತ್ತಿದ್ದ. "ಹೊಲಿದಿದ್ದನ್ನ ಬಿಚ್ಚಬಹುದು. ಕತ್ತರಿಸಿದ್ದನ್ನ ಬಿಚ್ಚೋಕೆ ಬರುತ್ತೇನಮ್ಮ?" ಎನ್ನುವುದು ಅಪ್ಪನ ಮಾತು.

ಎಲ್ಲೋಳನ್ನು ಕಾಜಕ್ಕೆ ಕೂರಿಸಿದರು. ಕಾಜವೆಂದರೆ ಗುಂಡಿ ತೂರುವ ಸೀಳಿನ ಸುತ್ತ ದಾರ ಕಟ್ಟುವ ಕೆಲಸ. ಅಂಗಡಿಯ ಕೆಲಸಗಳಲ್ಲೆಲ್ಲ ಕಡೆಯದು, ಕಣ್ಣಿಗೆ ಕೆಟ್ಟದ್ದು, ಮೈಗೆ ಬೇಸರದ್ದು. ಮೊದಲ ದಿನಗಳಲ್ಲಿ ಅಕ್ಕ ಪಕ್ಕದಲ್ಲೇ ಕೂತು, "ನೋಡಿ ಹಾಕು, ಕಣ್ಣಲ್ಲಿ ಕಣ್ಣಿಟ್ಟು ಹಾಕು," ಎಂದು ತಿವಿಯುತ್ತಿದ್ದಳು. ಕಣ್ಣಿಟ್ಟಷ್ಟೂ ಎಳೆ ಸೊಟ್ಟಗಾಗುತ್ತಿತ್ತು. ಅಕ್ಕ ಅಡುಗೆಗೆಂದು ಒಳಗೆ ಹೋದಾಗ ಹುಡುಗಿ ಕಿಟಕಿಯತ್ತ ತಿರುಗುತ್ತಿದ್ದಳು, ಮನಸ್ಸು ಬೀದಿಗೆ ಇಳಿಯುತ್ತಿತ್ತು, ಕೈ ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಮನಸ್ಸು ವಾಪಸು ಬಂದು ನೋಡಿದರೆ ಕಾಜ ಅಚ್ಚು ಹೊಡೆದ ಹಾಗೆ ಇರುತ್ತಿತ್ತು. ಸೈಕಲ್ಲು ಕಲಿತವರಿಗೆಲ್ಲ ಇದು ಗೊತ್ತು. ಮುಂದಿನ ಚಕ್ರವನ್ನೇ ದಿಟ್ಟಿಸುವವನು ಚರಂಡಿಗೆ ಬೀಳುತ್ತಾನೆ. ಗೊತ್ತಿದ್ದೂ ಮಕ್ಕಳ ಕಿವಿ ಹಿಂಡಿ "ಗಮನ, ಗಮನ" ಎಂದು ಬಡಿದುಕೊಳ್ಳುವುದನ್ನು ಮಾತ್ರ ಯಾರೂ ಬಿಡುವುದಿಲ್ಲ.

ಕಿಟಕಿಯಾಚೆ ಅವಳು ಏನನ್ನೂ ಬೇಕೆಂದು ನೋಡುತ್ತಿರಲಿಲ್ಲ. ಬಸ್ಸಿಗೆ ಕಾಯುವವರು, ಓಡುವವರು, ಚೀಲ ಹೊತ್ತು ಒಂದು ಕಡೆಗೆ ವಾಲಿದವರು. ಮನಸ್ಸು ಒಬ್ಬರ ಹಿಂದೆ ಸ್ವಲ್ಪ ದೂರ ಹೋಗಿ, ಅವರನ್ನು ಬಿಟ್ಟು, ಮೋಡ, ಶಾಲೆ, ಸತ್ತ ಅಮ್ಮ ಎಂದು ಊರೆಲ್ಲ ಅಲೆದು ಬರುತ್ತಿತ್ತು. ಒಂದು ದಿನ ಬಸ್ ಕಂಡಕ್ಟರೊಬ್ಬರು ಬಂದು, ಅಂಗಿ ಪ್ರತಿ ಸಲವೂ ಕಂಕುಳಲ್ಲೇ ಹರಿಯುತ್ತದೆ ಎಂದು ಅಪ್ಪನ ಮೇಲೆ ರೇಗಿದರು. ಅಪ್ಪ ಮತ್ತೆ ಅಳತೆ ಹಿಡಿದರು, ಅಳತೆಯೇನೋ ಸರಿಯಾಗಿಯೇ ಇತ್ತು. ಕಿಟಕಿಯತ್ತಲೇ ಮುಖವಿದ್ದ ಎಲ್ಲೋ, "ಅವರು ದಿನವಿಡೀ ಕೈ ಮೇಲೆತ್ತಿ ಕಂಬಿ ಹಿಡ್ಕೊಂಡಿರ್ತಾರಲ್ಲಪ್ಪ. ಕೈ ಎತ್ತಿಸಿ ಅಳತೆ ತಗೋ," ಎಂದಳು. ಅಪ್ಪ ಅವಳನ್ನು ಒಮ್ಮೆ ನೋಡಿದರು, ಕಂಡಕ್ಟರರ ಕೈ ಎತ್ತಿಸಿದರು. ಅವಳು ಯಾವಾಗ ಕಲಿತಳು ಎಂದು ಅವಳಿಗೇ ಗೊತ್ತಿರಲಿಲ್ಲ. ಕಲಿಯಬೇಕೆಂದು ಕೂತಿದ್ದರೆ ಕಲಿಯುತ್ತಿರಲಿಲ್ಲವೇನೋ. ಆ ವಾರದಿಂದ ಅಪ್ಪ ಹಳೆಯ ಪತ್ರಿಕೆಗಳನ್ನು ಮೇಜಿನ ಮೇಲೆ ಹಾಸಿ, ಅವಳ ಕೈಗೆ ಸೀಮೆಸುಣ್ಣ ಕೊಟ್ಟು, ಕೋಟು, ಅಂಗಿ, ಫ್ರಾಕುಗಳ ಭಾಗಗಳನ್ನು ಬರೆಯಿಸತೊಡಗಿದರು. ಮಿಷನ್ನಿನ ಮುಂದಿನಿಂದ ಅಕ್ಕ ನೋಡುತ್ತಿದ್ದಳು. ಅವಳಿಗೆ ಅಪ್ಪ ಯಾವತ್ತೂ ಸೀಮೆಸುಣ್ಣ ಕೊಟ್ಟಿರಲಿಲ್ಲ.

ವರ್ಷಗಳು ಕಳೆದವು. ಅಪ್ಪನ ಕೈ ನಡುಗಲಾರಂಭಿಸಿತು. ನಡುಗುವ ಕೈಯಲ್ಲಿ ಹೊಲಿಯಬಹುದು, ಕತ್ತರಿಸಲಾಗದು. ಒಂದು ದಿನ ಅಪ್ಪ ಕತ್ತರಿಯನ್ನು ಎಲ್ಲೋಳ ಕೈಗಿತ್ತು, "ಇನ್ನು ನೀನು," ಎಂದರು. ಕೆಲಸವೂ ಸಣ್ಣದಾಗಿರಲಿಲ್ಲ. ಬ್ಯಾಂಡಿನಲ್ಲಿ ತುತ್ತೂರಿ ಊದುವವರೊಬ್ಬರು ತಮ್ಮ ಜೀವಮಾನದ ಮೊದಲ ಉಣ್ಣೆ ಕೋಟಿಗೆ ಬಟ್ಟೆ ತಂದಿದ್ದರು. ಅಗಲ ಕಡಿಮೆಯ ಬಟ್ಟೆ, ಹೊರಮೈಗೆ ಹೊಳಪು, ಒಳಮೈ ಮಂಕು. ಮಡಚಿ ಎರಡು ತೋಳನ್ನೂ ಒಟ್ಟಿಗೆ ಕತ್ತರಿಸುವಷ್ಟು ಅಗಲವಿಲ್ಲ, ಒಂದೊಂದಾಗಿ ಕತ್ತರಿಸಬೇಕು. ಒಂದು ತೋಳಾದ ಮೇಲೆ ಕಾಗದದ ಅಚ್ಚನ್ನು ಮಗುಚಿ ಹಾಕಿ ಎರಡನೆಯದನ್ನು ಕತ್ತರಿಸಬೇಕು. ಇಷ್ಟೇ ವಿಷಯ.

ಕಿಟಕಿಯಾಚೆ ತಂತಿಯ ಮೇಲೆ ಹಕ್ಕಿಗಳು ಸಾಲಾಗಿ ಕೂತಿದ್ದವು, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ. ಒಂದಾದರೂ ಯಾಕೆ ತಿರುಗಿ ಕೂರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಹೌದು, ಕತ್ತರಿ ನಡೆಯುತ್ತಿದ್ದದ್ದೂ ಹೌದು. ಮನಸ್ಸು ತಂತಿಯ ಮೇಲಿಂದ ಇಳಿದು ಬಂದು ನೋಡುವಾಗ ಮೇಜಿನ ಮೇಲೆ ಎರಡು ತೋಳು ಮಲಗಿದ್ದವು, ಎರಡೂ ಒಂದೇ ಕಡೆಗೆ ಮುಖ ಮಾಡಿ. ಎರಡೂ ಎಡತೋಳು. ಒಂದನ್ನು ಮಗುಚಿ ಹೊಲಿದರೆ ಮಂಕು ಮೈ ಹೊರಗೆ ಬರುತ್ತದೆ, ಉಳಿದ ಬಟ್ಟೆಯಲ್ಲಿ ಒಂದು ಕಾಲರೂ ಬರುವಂತಿರಲಿಲ್ಲ.

ಎರಡು ಎಡತೋಳು ಕತ್ತರಿಸದ ಕಟಿಂಗ್ ಮಾಸ್ಟರ್ ಹುಟ್ಟಿಯೇ ಇಲ್ಲ ಎಂದು ಆ ಕಸುಬಿನವರು ಹೇಳುತ್ತಾರೆ. ಅಪ್ಪನೂ ಅದನ್ನೇ ಹೇಳಿದರು. ತುತ್ತೂರಿಯವರು ಮೊದಲು ಬೆಪ್ಪಾಗಿ, ಆಮೇಲೆ, "ಎಡಗೈ ಎರಡಿದ್ರೆ ತುತ್ತೂರಿ ಹಿಡಿಯೋದು ಹೇಗಮ್ಮ?" ಎಂದು ನಗಲು ನೋಡಿದರು. ಆದರೆ ಅವರ ಮುಖ ಸಣ್ಣದಾಗಿತ್ತು, ಮತ್ತು ಅದನ್ನು ಎಲ್ಲೋ ಕಂಡಳು. ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಆ ನಾಚಿಕೆಯನ್ನು ಅವಳು ಯಾವತ್ತೂ ಯಾರ ತಲೆಗೂ ಕಟ್ಟಲಿಲ್ಲ, ಹಕ್ಕಿಗಳ ತಲೆಗೂ ಕಟ್ಟಲಿಲ್ಲ.

ಅಕ್ಕ ಕತ್ತರಿ ತೆಗೆದುಕೊಂಡಳು. ತನ್ನ ಮಿಷನ್ನಿನ ಪಕ್ಕ ಗೋಡೆಗೆ ಮೊಳೆ ಹೊಡೆದು ಅದಕ್ಕೆ ತೂಗುಹಾಕಿದಳು. ಆಮೇಲೆ ಬಿಳಿ ಬಣ್ಣದ ಡಬ್ಬಿ ತಂದು, ಕಿಟಕಿಯ ಗಾಜಿಗೆ ಕೆಳಗಿನಿಂದ ಆಳೆತ್ತರದವರೆಗೆ ಒಳಗಡೆಯಿಂದ ಬಳಿದಳು. ಬೆಳಕು ಬರಲಿ, ಬೀದಿ ಬರಬಾರದು. ಕೈ ತೊಳೆದು ಬಂದು ತಂಗಿಯ ಮುಂದೆ ನಿಂತಳು.

"ಕತ್ತರಿ ವಾಪಸ್ ಬೇಕಾದ್ರೆ ಒಂದೇ ಒಂದು ಮಾತು ಹೇಳು. 'ಇನ್ನು ಮೇಲೆ ಮನಸ್ಸನ್ನ ಅಲೆಯೋಕೆ ಬಿಡಲ್ಲ' ಅನ್ನು. ಅಪ್ಪನ ಮುಂದೆ ಹೇಳು. ಇವತ್ತೇ ಕೊಡ್ತೀನಿ."

"ತಪ್ಪು ನಂದೇ ಅಕ್ಕ. ಅವರ ಬಟ್ಟೆ ನಾನು ದುಡಿದು ತಂದ್ಕೊಡ್ತೀನಿ. ಆ ಮಾತು ಮಾತ್ರ ಹೇಳಲ್ಲ."

"ಯಾಕೆ? ನಾಲಿಗೆ ಸವೆಯುತ್ತಾ?"

"ಸುಳ್ಳಾಗುತ್ತೆ."

"ಹೇಳಿ ನೋಡು, ಅಭ್ಯಾಸ ಆಗುತ್ತೆ."

"ಸುಳ್ಳು ಅಭ್ಯಾಸ ಆಗುತ್ತೆ, ಅಷ್ಟೇ," ಎಂದಳು ಎಲ್ಲೋ, ಮತ್ತು ಹೋಗಿ ಕಾಜದ ಸ್ಟೂಲಿನ ಮೇಲೆ ಕೂತಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಷ್ಟೋ ಜನ ಹೊಟ್ಟೆಪಾಡಿಗಾಗಿ ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ದಿನಕ್ಕೊಂದರಂತೆ ಆಡಿ ಸುಖವಾಗಿದ್ದಾರೆ. ಇವಳಿಗೆ ಆಡಲಾಗಲಿಲ್ಲ. ಅಪ್ಪ ಇಬ್ಬರ ನಡುವೆ ಮಾತಾಡಿ ಸೋತರು. ಸಾಯುವ ಮುಂಚೆ ಚಿಕ್ಕವಳ ಕೈ ಹಿಡಿದು, "ಒಂದು ಮಾತಲ್ವೇನೇ, ಹೇಳಿಬಿಡು," ಎಂದರು. "ಆಗಲ್ಲಪ್ಪ," ಎಂದು ಅತ್ತಳೇ ಹೊರತು ಹೇಳಲಿಲ್ಲ. ಹಟಮಾರಿ ಎಂದರು ಜನ. ಹೌದು, ಹಟಮಾರಿಯೇ.

ಅಪ್ಪ ಹೋದ ಮೇಲೆ ಅಕ್ಕನೇ ಕತ್ತರಿಸಿದಳು. ಕೆಟ್ಟದಾಗಿ ಕತ್ತರಿಸುತ್ತಿರಲಿಲ್ಲ, ನೇರ, ಅಚ್ಚುಕಟ್ಟು, ಹೇಳಿದ ದಿನಕ್ಕೆ. ಅಂಗಡಿ ಉಳಿದಿದ್ದೇ ಅವಳಿಂದ. ಅವಳ ಚುರುಕು ಎಷ್ಟೆಂದರೆ, ಗಿರಾಕಿ ಬಾಗಿಲಿಗೆ ಬರುವ ಮೊದಲೇ, "ಔಷಧಿ ಅಂಗಡಿಯವರು ಬರ್ತಿದ್ದಾರೆ, ಅವರ ಪ್ಯಾಂಟು ತೆಗೆದಿಡು," ಎನ್ನುತ್ತಿದ್ದಳು. ಕೂತಲ್ಲೇ ಹೆಜ್ಜೆ ಸಪ್ಪಳ ಗುರುತು ಹಿಡಿಯುವ ಕಿವಿ ಎಂದು ಬೀದಿಯವರೆಲ್ಲ ಕೊಂಡಾಡುತ್ತಿದ್ದರು.

ಎಲ್ಲೋ ಕಾಜ ಹಾಕಿದಳು. ಕಿಟಕಿಗೆ ಬಣ್ಣ ಬಳಿದರೆ ಮನಸ್ಸಿಗೆ ಬಳಿದಂತಾಗುತ್ತದೆಯೇ? ಅದು ಬಿಳಿ ಗಾಜಿನೊಳಗಿಂದಲೂ ಹೊರಟೇ ಹೊರಡುತ್ತಿತ್ತು. ಹೋದಾಗಲೆಲ್ಲ ಏನೋ ತರುತ್ತಿತ್ತೆಂದು ತಿಳಿಯಬೇಡಿ. ಬಹಳ ಸಲ ಬರಿಗೈಲಿ ಬರುತ್ತಿತ್ತು, ಕೆಲವು ಸಲ ಹಳೆಯ ನಾಚಿಕೆಯನ್ನೋ ಅಮ್ಮನ ಕೆಮ್ಮನ್ನೋ ಹೊತ್ತು ತಂದು ಅಳಿಸುತ್ತಿತ್ತು. ಖಾಲಿ ಬಂದ ಬಸ್ಸನ್ನು ಯಾಕೆ ಹೋಗಿದ್ದೆ ಎಂದು ಯಾರಾದರೂ ಕೇಳುತ್ತಾರೆಯೇ?

ಒಮ್ಮೆ ಮಾತ್ರ ಅದು ಬದುಕಿನ ದೊಡ್ಡ ಪ್ರಶ್ನೆಗೇ ಉತ್ತರ ತಂದಿತು. ಪಕ್ಕದ ಗೂಡಿನ ಗಡಿಯಾರ ರಿಪೇರಿಯವನು ಒಳ್ಳೆಯವನು, ನಿಧಾನಿ, ಬಿಳಿ ಕೈಯವನು. ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾಗ ತನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಅವಳು ಆಗ ಎಲ್ಲೋ ಇದ್ದಳು. "ಹೂಂ? ಏನಂದ್ರಿ?" ಎಂದಳು. ಅವನು ಕೆಂಪಗಾಗಿ ಮತ್ತೊಮ್ಮೆ ಕೇಳಿದ. ಅವಳು ಸ್ವಲ್ಪ ದಿನ ಕೊಡಿ ಎಂದಳು. ಕೂತು ಯೋಚಿಸಲು ನೋಡಿದಳು: ಒಳ್ಳೆಯವನು, ಮನೆಯಿದೆ, ಅಕ್ಕನ ಕಾಟ ತಪ್ಪುತ್ತದೆ. ಅತ್ತ ಹಾಕಿದರೂ ಸರಿ, ಇತ್ತ ಹಾಕಿದರೂ ಸರಿ, ತಕ್ಕಡಿ ನಿಲ್ಲಲೇ ಇಲ್ಲ. ಬಿಟ್ಟು ಕಾಜಕ್ಕೆ ಕೂತಳು. ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅವಳಿಗೆ ಹೊಳೆಯಿತು. ಅಷ್ಟು ದಿನ ಮನಸ್ಸು ಎಲ್ಲೆಲ್ಲೋ ಹೋಗಿ ಬಂದಿತ್ತು, ಗೊತ್ತಿಲ್ಲದ ಊರಿಗೂ ಹೋಗಿತ್ತು. ಒಂದು ಸಲವೂ ಅವನ ಮನೆಯ ಹೊಸಿಲು ತುಳಿದಿರಲಿಲ್ಲ. ಸೂಜಿ ಚುಚ್ಚಿಟ್ಟು ಎದ್ದು ಹೋಗಿ, ಇಲ್ಲ ಎಂದು ಹೇಳಿ ಬಂದಳು. ಅಕ್ಕ ತಲೆ ಚಚ್ಚಿಕೊಂಡಳು. "ಕಾರಣ ಏನೇ?" ಎಂದರೆ ಹೇಳುವಂಥ ಕಾರಣ ಇವಳ ಹತ್ತಿರ ಇರಲಿಲ್ಲ, ಆದರೆ ತೀರ್ಮಾನ ಕಲ್ಲಿನಂತಿತ್ತು. ಆಮೇಲೆ ಅವಳು ಅದಕ್ಕಾಗಿ ಒಂದು ದಿನವೂ ಮರುಗಿದ್ದಿಲ್ಲ.

ಎರಡು ಎಡತೋಳಿನ ವಿಷಯವನ್ನೂ ಮನಸ್ಸು ಹಾಗೆಯೇ ಬಿಡಿಸಿಕೊಟ್ಟಿತು. ಮನಸ್ಸು ಹೋದದ್ದು ತಪ್ಪಲ್ಲ, ಹೋಗುವಾಗ ಕೈಯಲ್ಲಿ ಕತ್ತರಿ ಇದ್ದದ್ದು ತಪ್ಪು. ಕೈಗೆ ಗೊತ್ತಿರುವ ಕೆಲಸವಿದ್ದಾಗ ಮನಸ್ಸು ಹೋಗಲಿ, ಬಟ್ಟೆ ಹಾಸಿ ಎಲ್ಲಿ ಏನು ಬರುತ್ತದೆಂದು ಹುಡುಕುವಾಗಲೂ ಹೋಗಲಿ. ಕತ್ತರಿ ಬಾಯಿ ತೆರೆದಾಗ ಮನೆಗೆ ಬರಲಿ. ಇಷ್ಟು ತಿಳಿಯಲು ಅವಳಿಗೆ ವರ್ಷ ಹಿಡಿಯಿತು. ತಿಳಿದ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ದಾರ ಕತ್ತರಿಸುವ ಪುಟ್ಟ ಕತ್ತರಿಯಲ್ಲಿ ಅಭ್ಯಾಸ ಮಾಡಿದಳು. ಮನಸ್ಸು ಹೊರಟಿತೆಂದರೆ ಕತ್ತರಿ ಕೆಳಗೆ. ಮತ್ತೆ ಹೊರಟರೆ ಮತ್ತೆ ಕೆಳಗೆ. ಕೊನೆಕೊನೆಗೆ ಕೈಗೇ ಅದು ತಿಳಿಯಿತು. ಇವಳು ಹೊರಟದ್ದು ಇವಳಿಗೆ ಗೊತ್ತಾಗುವ ಮೊದಲೇ ಕೈ ಕತ್ತರಿಯನ್ನು ಮೇಜಿಗೆ ಇಳಿಸುತ್ತಿತ್ತು. ಅಕ್ಕನಿಗೆ ಇದನ್ನು ಹೇಳಿದಳು. "ಕತೆ ಚೆನ್ನಾಗಿದೆ. ಆ ಮಾತು ಹೇಳು," ಎಂದಳು ಅಕ್ಕ.

ಹೊರಗೆ ಕೆಲಸ ಸಿಗುತ್ತಿರಲಿಲ್ಲವೆಂದಲ್ಲ. ದೊಡ್ಡ ಬೀದಿಯ ದೊಡ್ಡ ಅಂಗಡಿಯವರು ಕಾಜದ ಕೈ ನೋಡಿ ಕರೆದರು. "ನನ್ನ ಕತ್ತರಿ ಇಲ್ಲಿ ಮೊಳೆ ಮೇಲಿದೆ. ಅದನ್ನ ಬಿಟ್ಟು ಬರಲ್ಲ," ಎಂದುಬಿಟ್ಟಳು. ಊರು ನಕ್ಕಿತು, ನಗಲಿ. ಅಪ್ಪ ಕೊಟ್ಟದ್ದನ್ನು ತಾನು ಇದ್ದ ಹಾಗೆಯೇ ಇದ್ದುಕೊಂಡು ವಾಪಸು ಪಡೆಯಬೇಕು. ಅದೊಂದು ಬಿಟ್ಟು ಅವಳಿಗೆ ಬೇರೆ ಆಸೆಯಿರಲಿಲ್ಲ. ಕೂದಲು ಬೆಳ್ಳಗಾಗತೊಡಗಿತು.

ಹೀಗಿರುವಾಗ ತುತ್ತೂರಿಯವರು ಬಂದರು. ಈಗ ಅವರೇ ಬ್ಯಾಂಡ್ ಮಾಸ್ಟರು, ಹೊಟ್ಟೆ ಬಂದಿತ್ತು, ಹಲ್ಲು ಕೆಲವು ಹೋಗಿದ್ದವು. ಇಡೀ ಬ್ಯಾಂಡಿಗೆ ಕೋಟು ಹೊಲಿಸಬೇಕೆಂದು ಕೆಂಪು ಮಖಮಲ್ಲಿನ ಇಡೀ ಸುರುಳಿಯನ್ನೇ, ಒಂದು ಥಾನನ್ನೇ, ಹೊರಿಸಿಕೊಂಡು ಬಂದಿದ್ದರು. "ಇದು ಹಳೇ ದಾಸ್ತಾನು. ಗಿರಣಿಯವರು ಈ ಬಣ್ಣ ನಿಲ್ಲಿಸಿಬಿಟ್ರಂತೆ. ಇಷ್ಟರಲ್ಲೇ ಆಗಬೇಕು," ಎಂದರು. ಹೋಗುವಾಗ ಎಲ್ಲೋಳ ಕಡೆ ತಿರುಗಿ, "ಬಲಗೈಗಳನ್ನೂ ಸ್ವಲ್ಪ ನೆನಪಿಟ್ಕೊಳ್ಳಿ," ಎಂದು ಕಣ್ಣು ಮಿಟುಕಿಸಿದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಮಖಮಲ್ಲು ಅದಕ್ಕೂ ಬಿಡುವುದಿಲ್ಲ. ಅದರ ಮೇಲ್ಮೈಯ ನವಿರು ಒಂದೇ ಕಡೆಗೆ ಮಲಗಿರುತ್ತದೆ. ಹಾಗೆ ಸವರಿದರೆ ನುಣುಪು, ಹೀಗೆ ಸವರಿದರೆ ಒರಟು. ಒಂದು ಭಾಗವನ್ನು ತಲೆಕೆಳಗಾಗಿ ಕತ್ತರಿಸಿದರೆ ಹೊಲಿದ ಮೇಲೆ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಬೇರೆ ಬಟ್ಟೆಯಾದರೆ ಅಚ್ಚುಗಳನ್ನು ಹಿಂದುಮುಂದಾಗಿ ಸೇರಿಸಿ ಜಾಗ ಉಳಿಸಬಹುದು, ಇದರಲ್ಲಿ ಆಗದು. ಅಕ್ಕ ಅಚ್ಚುಗಳನ್ನು ಹಾಸಿದಳು. ಕೊನೆಯ ಕೋಟುಗಳಿಗೆ ತೋಳು ಬರಲಿಲ್ಲ. ತೆಗೆದು ಮತ್ತೆ ಹಾಸಿದಳು. ಬರಲಿಲ್ಲ. ಊಟ ಬಿಟ್ಟು, ಎದ್ದರೆ ಎಲ್ಲಿ ಲೆಕ್ಕ ತಪ್ಪುತ್ತದೋ ಎಂದು ಕೂತಲ್ಲೇ ಕೂತು, ಬಟ್ಟೆಯನ್ನು ದಿಟ್ಟಿಸಿ ದಿಟ್ಟಿಸಿ ಅವಳ ಕಣ್ಣು ಬಟ್ಟೆಯಷ್ಟೇ ಕೆಂಪಗಾಯಿತು. ಮರುದಿನ ಬೆಳಗ್ಗೆ ಮಾಸ್ಟರು ಬರುವವರಿದ್ದರು. ಆಗದಿದ್ದರೆ ಥಾನು ದೊಡ್ಡ ಬೀದಿಯ ಅಂಗಡಿಗೆ ಹೋಗುತ್ತಿತ್ತು.

ಮಧ್ಯಾಹ್ನ ಅಕ್ಕ ಮೊಳೆಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು.

"ಬಾರೇ ಇಲ್ಲಿ. ನನ್ನ ತಲೆ ಓಡ್ತಿಲ್ಲ. ನೀನು ನೋಡು. ಕತ್ತರಿ ಕೊಡ್ತೀನಿ."

ಎಲ್ಲೋ ಎದ್ದು ಬಂದಳು. ಕತ್ತರಿಯ ಹಿಡಿಯ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ ಜಾಗ ಕಂಡಿತು.

"ಆದ್ರೆ ಆ ಮಾತು ಹೇಳು," ಎಂದಳು ಅಕ್ಕ. ದನಿಯಲ್ಲಿ ಮೊದಲಿನ ಖಾರವಿರಲಿಲ್ಲ, ಆದರೂ ಅಂದಳು. "ಇದು ಅನ್ಯರ ಬಟ್ಟೆ. ಹೋದ್ರೆ ಮತ್ತೆ ಸಿಗಲ್ಲ. ಹೇಳಿ ಮುಟ್ಟು."

"ಹೇಳಲ್ಲ."

"ಇನ್ನೂನಾ?"

"ಇನ್ನೂ. ಸಾಯೋ ತನಕ. ಮೊದಲು ಆ ಕಿಟಕಿ ಬಣ್ಣ ಕೆರೀತೀನಿ, ಆಮೇಲೆ ಬಟ್ಟೆ ನೋಡ್ತೀನಿ."

"ಕೆರೆದ್ರೆ ದಾರಿ ಹೊಳೆಯುತ್ತೇನು?"

"ಗೊತ್ತಿಲ್ಲ. ಹೊಳೆಯದೇ ಇರಬಹುದು. ಹೊಳೆದ್ರೂ ಬಣ್ಣ ಹೋಗುತ್ತೆ, ಹೊಳೆಯದಿದ್ರೂ ಬಣ್ಣ ಹೋಗುತ್ತೆ. ನಾನು ಏನಾದ್ರೂ ತಂದುಕೊಟ್ರೆ ಮಾತ್ರ ಹೊರಗೆ ನೋಡಬಹುದು ಅನ್ನೋಕೆ ನೀನ್ಯಾರಕ್ಕ?"

ಎಲ್ಲೋ ಹಳೆಯ ಬ್ಲೇಡು ಹುಡುಕಿ, ಬಕೆಟ್ಟಿನಲ್ಲಿ ಬಿಸಿನೀರು ತಂದು, ಸ್ಟೂಲು ಹಾಕಿಕೊಂಡು ಕೆರೆಯಲು ನಿಂತಳು. ಸಿಟ್ಟಿಗೆ ಬ್ಲೇಡು ಮೊದಮೊದಲು ಅಡ್ಡಾದಿಡ್ಡಿ ಓಡಿತು. ಸ್ವಲ್ಪ ಹೊತ್ತಿಗೆ ಬ್ಲೇಡಿನ ಲಯ ಕೈಗೆ ಹತ್ತಿತು. ಬಣ್ಣ ಸುರುಳಿ ಸುರುಳಿಯಾಗಿ ಉದುರತೊಡಗಿತು. ಒಂದು ಪಟ್ಟಿಯಗಲ ಬೀದಿ ಕಂಡಿತು. ನಿಲ್ದಾಣದ ಬೆಂಚಿಗೆ ಹಸಿರು ಬಳಿದಿದ್ದರು, ಅವಳಿಗೆ ಗೊತ್ತೇ ಇರಲಿಲ್ಲವೆಂಬಂತೆ ಹೊಸದಾಗಿ ಕಂಡಿತು. ಒಬ್ಬ ಮುದುಕ ಕಿತ್ತಳೆ ಸುಲಿಯುತ್ತಿದ್ದ. ಒಬ್ಬಳು ಮಗುವಿನ ಕೈ ಎಳೆಯುತ್ತಿದ್ದಳು. ಮನಸ್ಸು ಮಗುವಿನ ಹಿಂದೆ ಹೋಯಿತು, ಲೆಕ್ಕದ ಟೀಚರು ಈಗ ಎಲ್ಲಿರಬಹುದು ಎಂದಿತು, ಬ್ಯಾಂಡು ಪಾರ್ಕಿನಲ್ಲಿ ಬಾರಿಸುವಾಗ ತುತ್ತೂರಿ ಎತ್ತಿದ ಕೈಗಳನ್ನು ನೆನೆಯಿತು. ತುತ್ತೂರಿ ಎತ್ತಿದಾಗ ತೋಳಿನ ಅಡಿಭಾಗ ಬೇರೆ, ಮೇಲುಭಾಗ ಬೇರೆ ಎಂಬಂತೆ ಕಾಣುತ್ತದೆ. ಕೋಟು ಅಲ್ಲೇ ಬಿಗಿಯುತ್ತದೆ. ಮುದುಕನ ಕೈಯಿಂದ ಸಿಪ್ಪೆಯ ಒಂದು ಉದ್ದನೆಯ ಎಸಳು ಕೆಳಗೆ ಬಿತ್ತು.

ಬ್ಲೇಡು ನಿಂತಿತು. ಯಾಕೆ ಇಡೀ ತೋಳನ್ನು ಒಂದೇ ತುಂಡಿನಲ್ಲಿ ಕತ್ತರಿಸಬೇಕು? ಅಂಗಿ ಹೊಲಿದು ಹೊಲಿದು ಅಕ್ಕನಿಗೆ ಅದೇ ಅಭ್ಯಾಸವಾಗಿತ್ತು. ಮೇಲುಭಾಗ ಅಗಲ, ಅಡಿಭಾಗ ಕಿರಿದಾದ ಎಸಳು. ಎರಡಾಗಿ ಕತ್ತರಿಸಿ ಸೇರಿಸಿದರೆ ಆ ಎಸಳುಗಳೆಲ್ಲ ಬೆನ್ನಿನ ತುಂಡುಗಳ ಪಕ್ಕ ವ್ಯರ್ಥವಾಗುವ ಸಂದಿಯಲ್ಲಿ ಕೂರುತ್ತವೆ, ತಲೆಕೆಳಗಾಗದೆ, ನವಿರು ಕೆಡದೆ. ಮೊಣಕೈ ಮಡಚಲೂ ಸಲೀಸು. ಬಟ್ಟೆ ಸಾಕಾಗುತ್ತದೆ.

ಅವಳು ಕೂಗಿ ಹೇಳಲಿಲ್ಲ. ಸ್ಟೂಲಿನಿಂದ ಇಳಿಯಲೂ ಇಲ್ಲ. ಬಣ್ಣ ಕೆರೆಯಲು ಹೊರಟದ್ದು ತೋಳಿಗಾಗಿ ಅಲ್ಲವಲ್ಲ, ಮತ್ತೆ ಕೆರೆದಳು. ಮೇಲಿನದೆಲ್ಲ ಮುಗಿಯಿತು, ನಡುವಿನದು ಮುಗಿಯಿತು. ಅಕ್ಕನ ಮಿಷನ್ನಿನ ಪಕ್ಕದ ಕೆಳಮೂಲೆಗೆ ಬಂದಾಗ ಅಕ್ಕ ಒಮ್ಮೆಲೇ ಎದ್ದಳು.

"ಆ ಮೂಲೆ ಬಿಡೇ. ಅಷ್ಟು ಇರಲಿ."

"ಯಾಕೆ?"

"ಬಿಡು ಅಂದ್ನಲ್ಲ."

ಎಲ್ಲೋ ಬಗ್ಗಿ ನೋಡಿದಳು. ಬಿಳಿಯ ನಡುವೆ ಒಂದು ಸಣ್ಣ ದುಂಡನೆಯ ಕಂಡಿ. ಬ್ಲೇಡಿನಿಂದ ಮಾಡಿದ್ದಲ್ಲ, ಉಗುರಿನಿಂದ ಕೆರೆದದ್ದು. ಅಂಚು ಸವೆದು ನುಣುಪಾಗಿತ್ತು, ಸುತ್ತಲೂ ಎಣ್ಣೆಗೂದಲು ತಾಗಿ ತಾಗಿ ಆದ ಕಲೆ. ಮಿಷನ್ನಿನ ಮುಂದೆ ಕೂತವರ ಕಣ್ಣಿಗೆ ಸರಿಯಾದ ಎತ್ತರ, ಅವರ ತಲೆಯ ಮರೆಯಲ್ಲಿ ಉಳಿದವರಿಗೆ ಕಾಣದ ಜಾಗ. ಅವಳು ಸ್ಟೂಲಿನಿಂದ ಇಳಿದು, ಇನ್ನಷ್ಟು ಬಗ್ಗಿ ಅದಕ್ಕೆ ಕಣ್ಣಿಟ್ಟಳು. ಬೆಂಚು ಕಂಡಿತು, ಔಷಧಿ ಅಂಗಡಿಯ ಬಾಗಿಲು ಕಂಡಿತು, ಬೀದಿಯ ತಿರುವಿನವರೆಗೆ ಕಂಡಿತು. ಗಿರಾಕಿಗಳ ಹೆಜ್ಜೆ ಗುರುತು ಹಿಡಿಯುವ ಆ ಕಿವಿ!

"ಯಾವಾಗ ಕೆರೆದೆ ಇದನ್ನ?"

ಅಕ್ಕ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಿಷನ್ನಿನ ಚಕ್ರ ಹಿಡಿದುಕೊಂಡಳು. "ಬಳಿದ ವಾರವೇ."

"ಬಳಿದ ವಾರವೇ!" ಎಲ್ಲೋ ತಟ್ಟನೆ ಅಕ್ಕನ ಕಡೆ ತಿರುಗಿದಳು. ಬ್ಲೇಡು ಕೈಯಿಂದ ಬಿತ್ತು. "ನನ್ನ ಇಡೀ ಆಯುಸ್ಸು ಆ ಸ್ಟೂಲಿನ ಮೇಲೆ ಕೂರಿಸಿದೆ. ಅಪ್ಪ ಸಾಯುವಾಗ ನನ್ನ ಕೈ ಹಿಡಿದು ಬೇಡ್ಕೊಂಡ್ರು, ಆಗಲೂ ನೀನು ಕತ್ತರಿ ಕೊಡಲಿಲ್ಲ. ನೀನು ಮಾತ್ರ ಇಲ್ಲಿ ಕೂತ್ಕೊಂಡು ದಿನಾ ನೋಡ್ತಿದ್ದೆ!"

"ಉಸಿರು ಕಟ್ತಿತ್ತು ಕಣೇ."

"ಮತ್ತೆ ಆ ಮಾತು ನನ್ನ ಕೈಲಿ ಯಾಕೆ ಹೇಳಿಸೋಕೆ ನೋಡ್ತಿದ್ದೆ? ಒಂದು ಸಲ ಅಲ್ಲ, ವರ್ಷ ವರ್ಷ!"

ಅಕ್ಕ ಕಂಡಿಯನ್ನೇ ನೋಡುತ್ತಾ ಹೇಳಿದಳು: "ನೀನು ಹೇಳಿಬಿಟ್ಟಿದ್ರೆ ನಾನೂ ಇದನ್ನ ಮುಚ್ಚಬೇಕಾಗ್ತಿತ್ತು. ಪ್ರತಿ ಸಲ ಕೇಳುವಾಗ್ಲೂ ಎಲ್ಲಿ ಹೇಳಿಬಿಡ್ತಾಳೋ ಅಂತ ಎದೆ ಹೊಡ್ಕೊಳ್ತಿತ್ತು. ನೀನು ಹೇಳಲಿಲ್ಲ. ಆ ಧೈರ್ಯದ ಮೇಲೆ ನೋಡ್ತಿದ್ದೆ."

ಎಲ್ಲೋಳಿಗೆ ಅಕ್ಕನ ಕೆನ್ನೆಗೆ ಹೊಡೆಯಬೇಕೆನ್ನಿಸಿತು, ತಬ್ಬಿಕೊಂಡು ಅಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. "ಇದನ್ನ ನಾನು ಮರೆಯಲ್ಲ ಅಕ್ಕ," ಎಂದಳು.

"ನೀನು? ಒಲೆ ಮೇಲಿನ ಹಾಲೇ ಮರೀತೀಯ."

"ಹಾಲು ಮರೀತೀನಿ. ಇದನ್ನ ಮರೆಯಲ್ಲ."

ಬ್ಲೇಡು ಎತ್ತಿಕೊಂಡು ಕೊನೆಯ ಮೂಲೆಯನ್ನೂ ಕೆರೆದಳು. ಕಂಡಿ ಉಳಿದ ಗಾಜಿನಲ್ಲಿ ಸೇರಿ ಮಾಯವಾಯಿತು. ಇಳಿಬಿಸಿಲು ಮೇಜಿನ ಮೇಲೆ, ಕೆಂಪು ಮಖಮಲ್ಲಿನ ಮೇಲೆ, ಇಬ್ಬರು ಬಿಳಿಕೂದಲ ಹೆಂಗಸರ ಮೇಲೆ ಬಿತ್ತು. ಎಲ್ಲೋ ಕೈ ತೊಳೆದು ಒರೆಸಿಕೊಂಡು ಬಂದು ಸೀಮೆಸುಣ್ಣದಲ್ಲಿ ತೋಳುಗಳನ್ನು ಬರೆದಳು. ಅಗಲದ್ದು, ಕಿರಿದಾದದ್ದು, ಎಡದ್ದು, ಅಚ್ಚು ಮಗುಚಿ ಬಲದ್ದು. ನಡುವೆ ಮನಸ್ಸು ಒಮ್ಮೆ ಬೀದಿಗೆ ಹೋಯಿತು. ಹೋಗಲು ಬಿಟ್ಟು, ಬರುವವರೆಗೆ ಕಾದಳು.

ಬಂದ ಮೇಲೆ ಕೈ ಚಾಚಿದಳು. ಅಕ್ಕ ಕತ್ತರಿಯನ್ನು ಆ ಕೈಯಲ್ಲಿಟ್ಟಳು, ಏನನ್ನೂ ಕೇಳಲಿಲ್ಲ. ಬೇರೇನು ಮಾಡುವುದೆಂದು ತಿಳಿಯದೆ ಹೋಗಿ ಕೂತು, ಯಾರದೋ ಅಂಗಿಯ ಅಂಚು ಎಳೆದುಕೊಂಡು ಮಿಷನ್ನು ತುಳಿಯತೊಡಗಿದಳು.

"ಮಿಷನ್ ನಿಲ್ಸಕ್ಕ," ಎಂದಳು ಎಲ್ಲೋ.

ಮಿಷನ್ನು ನಿಂತಿತು.